ಪೆಟ್ರೋಲ್ ಬಂಕಿನ ಗ್ರೇಡುಗಳು: ಹೇಗೆ ಬೆರೆಸುತ್ತಾರೆ, ಬೆಲೆ ಹೇಗೆ ಕಟ್ಟುತ್ತಾರೆ, ಒಳ್ಳೇದಾ ಅಂತ ನೋಡೋದು ಹೇಗೆ

ಪ್ರೀಮಿಯಂ ಹಾಕಿಸಿದರೆ ಮೈಲೇಜ್ ಜಾಸ್ತಿ ಬರುತ್ತಾ? ನಡುವಿನ ಗ್ರೇಡ್ ಅಂತ ಮಾರುತ್ತಾರಲ್ಲ, ಅದು ಬೇರೆ ಪೆಟ್ರೋಲಾ ಅಥವಾ ಎರಡನ್ನು ಕಲಸಿ ಕೊಡ್ತಾರಾ? ಬಂಕಿನಲ್ಲಿ ನೀರು ಬೆರೆಸ್ತಾರಾ? ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಂತ ಹಂತವಾಗಿ ಹೇಳಿಬಿಡುತ್ತೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುವೆ. ಗ್ರೇಡಿನ ನಂಬರಿಗೆ ಜನ ಕೊಡುವ ಗಮನ ಜಾಸ್ತಿಯಾಯಿತು, ಬಂಕಿನ ನೆಲದಡಿ ಟ್ಯಾಂಕಿಗೆ ಕೊಡುವ ಗಮನ ತೀರಾ ಕಡಿಮೆಯಾಯಿತು. ಗಾಡಿ ಕೆಡುವುದು ಬಹುತೇಕ ಎರಡನೆಯದರಿಂದ.

ಬೇಕಾದ ಸಾಮಾನು ಏನೂ ದೊಡ್ಡದಲ್ಲ: ಗಾಡಿಯ ಮ್ಯಾನುಯಲ್, ಫೋನಿನ ಕ್ಯಾಲ್ಕುಲೇಟರ್, ಒಂದು ಫಿಲ್ಟರ್ ಪೇಪರ್, ಮತ್ತೆ ಪ್ರತಿ ಸಲ ಬಿಲ್ ಕೇಳಿ ಇಸ್ಕೊಳ್ಳುವ ಅಭ್ಯಾಸ.

ಹಂತ 1: ಗಾಡಿ ಏನು ಕೇಳುತ್ತದೆ ನೋಡಿ

ಮ್ಯಾನುಯಲ್‌ನಲ್ಲಿ ಅಥವಾ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಒಂದು ಆಕ್ಟೇನ್ ನಂಬರ್ ಇರುತ್ತದೆ. ಆಕ್ಟೇನ್ ಅಂದರೆ ಶಕ್ತಿಯ ಅಳತೆ ಅಲ್ಲ. ಎಂಜಿನ್ ಒಳಗೆ ಒತ್ತಡ ಏರಿದಾಗ ಪೆಟ್ರೋಲ್ ತಾನಾಗಿಯೇ, ಹೊತ್ತಿಗೆ ಮುಂಚೆ, ಹತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತದೆ ಎನ್ನುವ ಅಳತೆ. ತಡೆದುಕೊಳ್ಳದಿದ್ದರೆ ಟಕ ಟಕ ಸದ್ದು ಬರುತ್ತದೆ. ಅದನ್ನೇ ನಾಕಿಂಗ್ ಅನ್ನುವುದು. ಏರಿನಲ್ಲಿ ಮೇಲಿನ ಗೇರ್ ಇಟ್ಟು ಆಕ್ಸಿಲರೇಟರ್ ಒತ್ತಿದಾಗ ಕೇಳಿಸುತ್ತದೆ ನೋಡಿ, ಅದು.

ಮ್ಯಾನುಯಲ್‌ನಲ್ಲಿ ಎರಡು ತರಹ ಬರೆದಿರುತ್ತಾರೆ. "ಕಡ್ಡಾಯ" ಅಂತಿದ್ದರೆ ಅದಕ್ಕಿಂತ ಕೆಳಗಿನದು ಹಾಕಿಸಲೇಬೇಡಿ. ಟರ್ಬೊ ಗಾಡಿ, ಹೆಚ್ಚು ಕಂಪ್ರೆಷನ್ ಇರುವ ಗಾಡಿಗಳಲ್ಲಿ ಇದು ಜಾಸ್ತಿ. "ಶಿಫಾರಸು" ಅಂತಿದ್ದರೆ ಕೆಳಗಿನದೂ ನಡೆಯುತ್ತದೆ. ಎಂಜಿನ್‌ನಲ್ಲಿರುವ ನಾಕ್ ಸೆನ್ಸರ್ ಸ್ಪಾರ್ಕನ್ನು ಒಂಚೂರು ತಡ ಮಾಡಿ ಸಂಭಾಳಿಸುತ್ತದೆ. ಪಿಕಪ್ ಸ್ವಲ್ಪ ಕಮ್ಮಿಯಾಗಬಹುದು, ಅಷ್ಟೆ.

ಸಾಮಾನ್ಯ ಪೆಟ್ರೋಲಿಗೆ ಅಂತಲೇ ಮಾಡಿದ ಎಂಜಿನ್‌ಗೆ ಪ್ರೀಮಿಯಂ, ಅಂದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್, ಹಾಕಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. 2016ರಲ್ಲಿ ಅಮೆರಿಕದ ವಾಹನ ಮಾಲೀಕರ ಸಂಘ ಎಎಎ ಇದನ್ನು ಪರೀಕ್ಷೆ ಮಾಡಿಯೇ ನೋಡಿತು. ಅಂಥ ಗಾಡಿಗಳಲ್ಲಿ ಪ್ರೀಮಿಯಂನಿಂದ ಶಕ್ತಿಯಲ್ಲಾಗಲಿ ಮೈಲೇಜಿನಲ್ಲಾಗಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಹಂತ 2: ಪಂಪಿನ ಮೇಲಿನ ನಂಬರ್ ಯಾವ ಲೆಕ್ಕದ್ದು?

ಇಲ್ಲಿ ಬಹಳ ಜನ ಎಡವುತ್ತಾರೆ, ಅದರಲ್ಲೂ ಬೇರೆ ದೇಶಕ್ಕೆ ಹೋಗಿ ಬಾಡಿಗೆ ಕಾರು ಓಡಿಸುವವರು. ಆಕ್ಟೇನ್ ಅಳೆಯುವ ವಿಧಾನ ಎರಡಿದೆ. ಆರ್‌ಒಎನ್ ಅನ್ನುವುದು ಪರೀಕ್ಷಾ ಎಂಜಿನ್ನನ್ನು ನಿಮಿಷಕ್ಕೆ 600 ಸುತ್ತಿನಲ್ಲಿ ಓಡಿಸಿ ಅಳೆದದ್ದು. ಎಂಒಎನ್ ಅನ್ನುವುದು 900 ಸುತ್ತಿನಲ್ಲಿ, ಬಿಸಿಯನ್ನೂ ಹೆಚ್ಚಿಸಿ, ಕಷ್ಟದ ಪರಿಸ್ಥಿತಿಯಲ್ಲಿ ಅಳೆದದ್ದು. ಒಂದೇ ಪೆಟ್ರೋಲಿಗೆ ಎರಡನೆಯ ನಂಬರ್ ಕಡಿಮೆ ಬರುತ್ತದೆ.

ಭಾರತ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಬಳಕೆಯಲ್ಲಿರುವುದು ಆರ್‌ಒಎನ್. ಅಮೆರಿಕ, ಕೆನಡಾಗಳಲ್ಲಿ ಎರಡರ ಸರಾಸರಿಯನ್ನು ಹಾಕುತ್ತಾರೆ. ಹಾಗಾಗಿ ಅಲ್ಲಿನ 87 ಅಂದರೆ ಹೆಚ್ಚು ಕಡಿಮೆ ಇಲ್ಲಿನ 91. ಅಲ್ಲಿನ 91 ಅಂದರೆ ಇಲ್ಲಿನ 95ರ ಆಸುಪಾಸು. "ಅಮೆರಿಕದಲ್ಲಿ ಕೆಳದರ್ಜೆ ಪೆಟ್ರೋಲ್ ಮಾರ್ತಾರೆ" ಅನ್ನುವ ಮಾತು ಹುಟ್ಟಿದ್ದು ಇದು ಗೊತ್ತಿಲ್ಲದೆ.

ಇನ್ನೊಂದು ಮಾತು. ಪಂಪಿನ ಮೇಲಿನ ನಂಬರ್ ಕನಿಷ್ಠ ಮಿತಿ. 91 ಅಂತ ಬರೆದ ಕಡೆ 91.6 ಬಂದರೂ ಬರಬಹುದು, ಕೆಳಗೆ ಇಳಿಯಬಾರದು.

ಡೀಸೆಲ್‌ಗೆ ಆಕ್ಟೇನ್ ಇಲ್ಲ, ಸೀಟೇನ್ ಇದೆ. ಅದರ ಕೆಲಸ ಉಲ್ಟಾ: ಡೀಸೆಲ್ ಎಷ್ಟು ಬೇಗ ತಾನಾಗಿ ಹತ್ತಿಕೊಳ್ಳುತ್ತದೆ ಎಂದು ಹೇಳುತ್ತದೆ. ಯುರೋಪಿನ ನಿಯಮದಲ್ಲಿ ಅದು ಕನಿಷ್ಠ 51, ಅಮೆರಿಕದಲ್ಲಿ 40.

ಹಂತ 3: ಬೆರಕೆ ಎಲ್ಲೆಲ್ಲಿ ನಡೆಯುತ್ತದೆ, ತಿಳಿದುಕೊಳ್ಳಿ

ಬೆರಕೆ ಅಂದ ಕೂಡಲೇ ಕಲಬೆರಕೆ ನೆನಪಾಗುತ್ತದೆ, ಅಲ್ವಾ? ಎರಡೂ ಬೇರೆ. ಪೆಟ್ರೋಲ್ ಅನ್ನುವುದೇ ಒಂದು ಬೆರಕೆ. ಅದು ನಾಲ್ಕು ಕಡೆ ಬೆರೆಯಬಹುದು.

ಮೊದಲನೆಯದು ರಿಫೈನರಿ. ಕಚ್ಚಾ ತೈಲದಿಂದ ನೇರವಾಗಿ ಇಳಿದ ನಾಫ್ತಾದ ಆಕ್ಟೇನ್ 70ರ ಆಸುಪಾಸು, ಕೆಲವೊಮ್ಮೆ ಅದಕ್ಕೂ ಕಡಿಮೆ. ಇವತ್ತಿನ ಎಂಜಿನ್‌ಗೆ ಅದು ಉಪಯೋಗಕ್ಕೆ ಬಾರದು. ಅದಕ್ಕೇ ಅದನ್ನು ಇನ್ನಷ್ಟು ಸಂಸ್ಕರಿಸಿ ರಿಫಾರ್ಮೇಟ್, ಆಲ್ಕೈಲೇಟ್ ಮುಂತಾದ ಹೆಚ್ಚು ಆಕ್ಟೇನಿನ ದ್ರವಗಳನ್ನು ಮಾಡಿ ಬೆರೆಸುತ್ತಾರೆ. ಪ್ರೀಮಿಯಂನಲ್ಲಿ ಈ ದುಬಾರಿ ಭಾಗ ಜಾಸ್ತಿ. ಚಳಿ ದೇಶಗಳಲ್ಲಿ ಚಳಿಗಾಲಕ್ಕೆ ಬ್ಯೂಟೇನ್ ಜಾಸ್ತಿ ಸೇರಿಸುತ್ತಾರೆ, ಬೆಳಿಗ್ಗೆ ಗಾಡಿ ಬೇಗ ಸ್ಟಾರ್ಟ್ ಆಗಲಿ ಅಂತ. ಬೇಸಿಗೆಗೆ ಅದನ್ನು ಕಡಿಮೆ ಮಾಡುತ್ತಾರೆ, ಇಲ್ಲದಿದ್ದರೆ ಬಿಸಿಲಿಗೆ ಆವಿಯಾಗಿ ಹೋಗುತ್ತದೆ. ಬ್ಯೂಟೇನ್ ಅಗ್ಗ. ಚಳಿಗಾಲದ ಪೆಟ್ರೋಲ್ ತಯಾರಿಸಲು ಖರ್ಚು ಕಡಿಮೆ ಬೀಳಲು ಇದೂ ಒಂದು ಕಾರಣ.

ಎರಡನೆಯದು ಪೈಪ್‌ಲೈನ್. ಒಂದೇ ಪೈಪಿನಲ್ಲಿ ಬೇರೆ ಬೇರೆ ಗ್ರೇಡು, ಬೇರೆ ಬೇರೆ ಕಂಪನಿಯ ಸರಕು ಒಂದರ ಹಿಂದೆ ಒಂದು ಹೋಗುತ್ತದೆ. ನಡುವೆ ಗೋಡೆಯೇನೂ ಇರುವುದಿಲ್ಲ. ಪ್ರೀಮಿಯಂ ಮುಗಿದು ಸಾಮಾನ್ಯ ಪೆಟ್ರೋಲ್ ಶುರುವಾಗುವ ಕಡೆ ಎರಡೂ ಬೆರೆತಿರುತ್ತದೆ. ಆ ಭಾಗವನ್ನು ಸಾಮಾನ್ಯದ ಟ್ಯಾಂಕಿಗೆ ಬಿಡುತ್ತಾರೆ, ಪ್ರೀಮಿಯಂಗಲ್ಲ. ಪೆಟ್ರೋಲ್ ಮತ್ತು ಡೀಸೆಲ್ ಬೆರೆತ ಭಾಗವಾದರೆ ಅದನ್ನು ಟ್ರಾನ್ಸ್‌ಮಿಕ್ಸ್ ಅಂತ ಬೇರೆ ತೆಗೆದು ಮತ್ತೆ ಸಂಸ್ಕರಣೆಗೆ ಕಳಿಸುತ್ತಾರೆ.

ಮೂರನೆಯದು ಡಿಪೋ, ಟ್ಯಾಂಕರ್ ಲಾರಿಗೆ ತುಂಬುವ ಜಾಗ. ಎಥನಾಲ್ ಸೇರಿಸುವುದು ಸಾಮಾನ್ಯವಾಗಿ ಇಲ್ಲೇ. ಅದು ನೀರನ್ನು ಎಳೆದುಕೊಳ್ಳುವ ಗುಣದ್ದು, ಅದಕ್ಕೇ ಉದ್ದದ ಪೈಪ್‌ಲೈನಿನಲ್ಲಿ ಕಳಿಸಲು ಹಿಂಜರಿಯುತ್ತಾರೆ. ಎಂಜಿನ್ ಒಳಗೆ ಕರಿ ಕಟ್ಟದಂತೆ ನೋಡಿಕೊಳ್ಳುವ ಕ್ಲೀನಿಂಗ್ ಅಡಿಟಿವ್, ಅಂದರೆ ತೊಳೆಯುವ ರಾಸಾಯನಿಕ, ಅದನ್ನೂ ಲಾರಿಗೆ ತುಂಬುವಾಗಲೇ ಬಿಡುತ್ತಾರೆ. ಒಂದೇ ಡಿಪೋದಿಂದ ಎರಡು ಕಂಪನಿಯ ಲಾರಿ ಹೊರಟರೆ ಒಳಗಿನ ಮೂಲ ಪೆಟ್ರೋಲ್ ಎಷ್ಟೋ ಸಲ ಒಂದೇ. ಬ್ರಾಂಡಿನ ವ್ಯತ್ಯಾಸ ಅಂದರೆ ಈ ಅಡಿಟಿವ್.

ಅಡಿಟಿವ್ ಅಂದರೆ ಬರೀ ಜಾಹೀರಾತು ಅಂತ ತಳ್ಳಿಹಾಕಬೇಡಿ. ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೋಂಡಾ, ಟೊಯೋಟಾ ಸೇರಿ 2004ರಲ್ಲಿ ಟಾಪ್ ಟಿಯರ್ ಅನ್ನುವ ಮಾನದಂಡ ಮಾಡಿದ್ದೇ ಅಮೆರಿಕ ಸರ್ಕಾರದ ಕನಿಷ್ಠ ಪ್ರಮಾಣ ಸಾಲದು ಅಂತ. ಆದರೆ ಅಡಿಟಿವ್‌ಗೂ ಆಕ್ಟೇನಿಗೂ ಸಂಬಂಧ ಇಲ್ಲ. ಆ ಮಾನದಂಡ ಒಪ್ಪಿದ ಬಂಕಿನಲ್ಲಿ ಸಾಮಾನ್ಯ ಗ್ರೇಡಿಗೂ ಅದು ಇರಲೇಬೇಕು. ಇನ್ನೊಂದು, ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತದೆ. ಇನ್‌ಟೇಕ್ ವಾಲ್ವಿನ ಮೇಲೆ ಬೀಳುವುದೇ ಇಲ್ಲ. ಅಲ್ಲಿ ಕಟ್ಟಿದ ಕರಿಯನ್ನು ಎಂಥ ಅಡಿಟಿವ್ ಪೆಟ್ರೋಲೂ ತೊಳೆಯಲಾರದು.

ನಾಲ್ಕನೆಯದು ಬಂಕಿನ ಪಂಪು. ಇದಕ್ಕೆ ಒಂದು ಹಂತವನ್ನೇ ಕೊಡಬೇಕು.

ಹಂತ 4: ನಡುವಿನ ಗ್ರೇಡಿನ ಲೆಕ್ಕ ಹಾಕಿ

ಮೂರು ಗ್ರೇಡ್ ಮಾರುವ ಎಷ್ಟೋ ಬಂಕುಗಳಲ್ಲಿ ನೆಲದಡಿ ಪೆಟ್ರೋಲಿಗೆ ಇರುವುದು ಎರಡೇ ಟ್ಯಾಂಕ್: ಸಾಮಾನ್ಯ ಮತ್ತು ಪ್ರೀಮಿಯಂ. ನಡುವಿನದನ್ನು ಪಂಪೇ ಬೆರೆಸುತ್ತದೆ. ನೀವು ಬಟನ್ ಒತ್ತಿದ ಕೂಡಲೇ ಎರಡು ವಾಲ್ವ್ ತೆರೆದು, ಎರಡೂ ಕಡೆಯಿಂದ ಲೆಕ್ಕದ ಪ್ರಕಾರ ಬಂದು ನಾಜಲ್‌ಗೆ ಸೇರುತ್ತದೆ. ಇದು ಮೋಸ ಅಲ್ಲ. ಎರಡು ಪೆಟ್ರೋಲ್ ಬೆರೆಸಿದಾಗ ಆಕ್ಟೇನ್ ಹೆಚ್ಚು ಕಡಿಮೆ ಪ್ರಮಾಣಕ್ಕೆ ತಕ್ಕಂತೆಯೇ ಬರುತ್ತದೆ.

ಅಮೆರಿಕದ ನಂಬರನ್ನೇ ತೆಗೆದುಕೊಳ್ಳಿ. 87 ಮತ್ತು 93 ಬೆರೆಸಿ 89 ಬೇಕು. ಎರಡು ಪಾಲು 87, ಒಂದು ಪಾಲು 93. ಎರಡು ಸಲ 87 ಅಂದರೆ 174, ಅದಕ್ಕೆ 93 ಕೂಡಿಸಿದರೆ 267, ಮೂರರಿಂದ ಭಾಗಿಸಿದರೆ 89. ಮುಗಿಯಿತು.

ಈಗ ಬೆಲೆಗೂ ಇದೇ ಲೆಕ್ಕ ಹಚ್ಚಿ. ಸಾಮಾನ್ಯದ ಬೆಲೆ 100, ಪ್ರೀಮಿಯಂ 118 ಅಂತ ಸುಮ್ನೆ ಇಟ್ಟುಕೊಳ್ಳಿ, ಯಾವ ದೇಶದ ದುಡ್ಡಾದರೂ ಆಗಲಿ. ನಡುವಿನದರ ನ್ಯಾಯದ ಬೆಲೆ 106. ಆದರೆ ಫಲಕದ ಮೇಲೆ 109 ಅಥವಾ 110 ಇದ್ದರೆ ಆಶ್ಚರ್ಯಪಡಬೇಡಿ. ನಡುವಿನ ಗ್ರೇಡಿಗೆ ನಡುವಿನ ಬೆಲೆ ಅಂತ ನಮಗೂ ಸರಿ ಅನ್ನಿಸಿಬಿಡುತ್ತದೆ, ಬಂಕಿಗೂ ಅಷ್ಟೇ ಬೇಕಾಗಿರುವುದು. ಅಂಥ ಕಡೆ ಬುದ್ಧಿವಂತಿಕೆ ಅಂದರೆ ನೀವೇ ಬೆರೆಸುವುದು. ಒಂದು ಸಲಕ್ಕೆ 20 ಲೀಟರ್ ಸಾಮಾನ್ಯ, ಮೇಲೆ 10 ಲೀಟರ್ ಪ್ರೀಮಿಯಂ. ಟ್ಯಾಂಕಿನಲ್ಲಿ ಗಾಡಿಯ ಕುಲುಕಾಟಕ್ಕೆ ತಾನಾಗಿ ಬೆರೆಯುತ್ತದೆ. ಅರ್ಧ ಟ್ಯಾಂಕ್ 91 ಇದ್ದು ಉಳಿದರ್ಧ 98 ತುಂಬಿಸಿದರೆ 94.5 ಆಗುತ್ತದೆ, ಹೀಗೆ.

ಎಚ್ಚರಿಕೆ ಎರಡು. ಎರಡರಲ್ಲಿ ಎಥನಾಲ್ ಪ್ರಮಾಣ ಬೇರೆ ಬೇರೆ ಇದ್ದರೆ ಈ ಸರಳ ಲೆಕ್ಕ ಸರಿಯಾಗಿ ಕೂರುವುದಿಲ್ಲ. ಮತ್ತೆ, ಒಂದೇ ನಾಜಲ್‌ನಲ್ಲಿ ಎಲ್ಲ ಗ್ರೇಡೂ ಬರುವ ಪಂಪಿನಲ್ಲಿ ಹಿಂದಿನವರು ಹಾಕಿಸಿದ ಪೆಟ್ರೋಲ್ ಪೈಪಿನಲ್ಲಿ ಉಳಿದಿರುತ್ತದೆ, ಸುಮಾರು ಒಂದು ಲೀಟರ್‌ವರೆಗೂ ಇರಬಹುದು. 40 ಲೀಟರ್ ಕಾರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. 5 ಲೀಟರ್ ಹಾಕಿಸುವ ಬೈಕಿಗೆ ಬರುತ್ತದೆ: 98 ಕೇಳಿದ್ದೀರಿ, ಮೊದಲ ಲೀಟರ್ 91 ಬಿತ್ತು, ಕೊನೆಗೆ ಸಿಕ್ಕಿದ್ದು 96.6. ದುಡ್ಡು ಮಾತ್ರ ಐದು ಲೀಟರಿಗೂ 98ರದ್ದೇ. ಬೈಕಿನವರು ಗ್ರೇಡಿಗೊಂದು ಬೇರೆ ನಾಜಲ್ ಇರುವ ಪಂಪು ಹುಡುಕಿಕೊಳ್ಳಿ.

ಹಂತ 5: ಎಥನಾಲ್ ಎಷ್ಟಿದೆ ಅಂತ ಓದಿ

ಇ10 ಅಂದರೆ ನೂರರಲ್ಲಿ 10 ಪಾಲು ಎಥನಾಲ್, ಇ20 ಅಂದರೆ 20 ಪಾಲು. ಬರೀ ಎಥನಾಲ್‌ನ ಆಕ್ಟೇನ್ 108ರ ಆಸುಪಾಸು, ಹಾಗಾಗಿ ನಾಕಿಂಗ್ ತಡೆಯಲು ಒಳ್ಳೆಯದೇ. ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ10ರಲ್ಲಿ ಶಕ್ತಿ ಶೇಕಡ 3ರಷ್ಟು, ಇ20ರಲ್ಲಿ ಶೇಕಡ 6–7ರಷ್ಟು ಇಳಿಯುತ್ತದೆ. ಮೈಲೇಜ್ ಕಮ್ಮಿ ಬಂತು ಅಂತ ಬಂಕಿನವರ ಮೇಲೆ ರೇಗುವ ಮುಂಚೆ ಇದನ್ನೊಮ್ಮೆ ನೋಡಿ. ನಿಮ್ಮ ಗಾಡಿಗೆ ಎಷ್ಟರವರೆಗೆ ಒಪ್ಪುತ್ತದೆ ಅನ್ನುವುದೂ ಆ ಮುಚ್ಚಳದ ಒಳಗೇ ಬರೆದಿರುತ್ತದೆ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರ್‌ಗಳಿಗೆ ಇದು ಆಗಿಬರುವುದಿಲ್ಲ.

ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಎಥನಾಲ್ ಬೆರೆತ ಪೆಟ್ರೋಲ್ ಬಿಟ್ಟು ಹೋಗಬೇಡಿ.

ಹಂತ 6: ಬೆಲೆಯನ್ನು ಬಿಡಿಸಿ ನೋಡಿ

ಒಂದು ಲೀಟರಿನ ಬೆಲೆಯಲ್ಲಿ ಕಚ್ಚಾ ತೈಲ, ಸಂಸ್ಕರಣೆ, ಸಾಗಣೆ, ತೆರಿಗೆ, ಕೊನೆಗೆ ಬಂಕಿನ ಪಾಲು ಇರುತ್ತದೆ. ಬಂಕಿಗೆ ಉಳಿಯುವುದು ನಾವು ಅಂದುಕೊಂಡಷ್ಟಲ್ಲ. ಅದರಲ್ಲೇ ಕಾರ್ಡ್ ಕಂಪನಿಗೆ ಕಮಿಷನ್, ಕರೆಂಟು, ಸಂಬಳ. ಅದಕ್ಕೇ ಬಂಕಿನ ಪಕ್ಕ ಅಂಗಡಿ ಇಡುವುದು. ಎಷ್ಟೋ ಕಡೆ ಲಾಭ ಬರುವುದು ಚಿಪ್ಸು, ಕಾಫಿಯಿಂದ.

ಬೆಲೆಯನ್ನು ಸರ್ಕಾರವೋ ಕಂಪನಿಯೋ ನಿಗದಿ ಮಾಡುವ ದೇಶಗಳಲ್ಲಿ ಮಾಲೀಕನ ಕೈಯಲ್ಲಿ ಏನೂ ಇಲ್ಲ. ಮಾಲೀಕನೇ ಬೆಲೆ ಹಾಕುವ ಕಡೆ ಮಾತ್ರ ಒಂದು ವಿಷಯ ತಿಳಿದಿರಲಿ. ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ತಾನು ಎಷ್ಟು ಕೊಟ್ಟೆ ಅಂತ ಅವನು ನೋಡುವುದಿಲ್ಲ. ಮುಂದಿನ ಲೋಡಿಗೆ ಎಷ್ಟು ಕೊಡಬೇಕಾಗುತ್ತದೆ ಅಂತ ನೋಡುತ್ತಾನೆ. ಕಚ್ಚಾ ತೈಲ ಏರಿದ ಮರುದಿನವೇ ಫಲಕ ಬದಲಾಗುವುದು ಇದಕ್ಕೆ. ಇಳಿದಾಗ ಮಾತ್ರ ಪಕ್ಕದ ಬಂಕು ಮೊದಲು ಇಳಿಸಲಿ ಅಂತ ಕಾಯುತ್ತಾನೆ. ಏರುವುದು ದಿಢೀರ್, ಇಳಿಯುವುದು ನಿಧಾನ ಅನ್ನುವ ನಮ್ಮ ಗೊಣಗಾಟ ಸುಳ್ಳಲ್ಲ, ಅರ್ಥಶಾಸ್ತ್ರಜ್ಞರೂ ಅಂಕಿ ಅಂಶ ಹಿಡಿದು ಇದನ್ನೇ ಹೇಳಿದ್ದಾರೆ.

ಗ್ರೇಡುಗಳ ನಡುವಿನ ಅಂತರ ಇನ್ನೂ ಸೂಕ್ಷ್ಮ. ರಸ್ತೆಗೆ ಕಾಣುವಂತೆ ದೊಡ್ಡದಾಗಿ ಬರೆಯುವುದು ಸಾಮಾನ್ಯ ಗ್ರೇಡಿನ ಬೆಲೆ. ಪೈಪೋಟಿ ಇರುವುದೂ ಅದರಲ್ಲೇ. ಪ್ರೀಮಿಯಂ ಬೆಲೆ ಬಹಳ ಜನ ನೋಡುವುದು ಪಂಪಿನ ಮುಂದೆ ನಿಂತ ಮೇಲೆ. ತಯಾರಿಕೆಯ ಹೆಚ್ಚುವರಿ ಖರ್ಚು ನಿಜವಾದರೂ ಮಾರ್ಜಿನ್ನೂ ಅಲ್ಲೇ ದಪ್ಪ. ಹಾಗಾಗಿ ನಿಮಗೆ ಪ್ರೀಮಿಯಂ ಕಡ್ಡಾಯವಾದರೆ ದೊಡ್ಡ ಫಲಕ ನೋಡಿ ಬಂಕ್ ಆರಿಸಬೇಡಿ, ಪ್ರೀಮಿಯಂ ಬೆಲೆಯನ್ನೇ ಹೋಲಿಸಿ. ಸಾಮಾನ್ಯ ಅಗ್ಗವಿರುವ ಬಂಕಿನಲ್ಲಿ ಪ್ರೀಮಿಯಂ ದುಬಾರಿ ಇರುವುದು ಅಪರೂಪವೇನಲ್ಲ.

ಹಂತ 7: ಬಂಕಿನವರು ಮಾಡಬೇಕಾದ ತಪಾಸಣೆ ಗೊತ್ತಿರಲಿ

ಟ್ಯಾಂಕರ್ ಬಂದಾಗ ನಿಂತು ನೋಡಿದರೆ ಆ ಬಂಕ್ ಎಂಥದ್ದು ಅಂತ ಅರ್ಧ ಗೊತ್ತಾಗುತ್ತದೆ. ಮೊದಲು ಲಾರಿಯನ್ನು ನೆಲಕ್ಕೆ ಅರ್ಥಿಂಗ್ ಮಾಡುತ್ತಾರೆ. ಸೀಲ್ ನೋಡುತ್ತಾರೆ. ಲಾರಿಯಿಂದ ಸ್ಯಾಂಪಲ್ ತೆಗೆದು ಉದ್ದನೆಯ ಗಾಜಿನ ಜಾಡಿಗೆ ಹಾಕಿ ಹೈಡ್ರೋಮೀಟರ್ ತೇಲಿಬಿಟ್ಟು ಡೆನ್ಸಿಟಿ, ಪಕ್ಕದಲ್ಲೇ ಥರ್ಮಾಮೀಟರ್ ಇಟ್ಟು ಉಷ್ಣತೆ ನೋಡುತ್ತಾರೆ. ಯುರೋಪಿನ ಮಾನದಂಡದಲ್ಲಿ ಒಂದು ಲೀಟರ್ ಪೆಟ್ರೋಲ್ 15 ಡಿಗ್ರಿಯಲ್ಲಿ 720ರಿಂದ 775 ಗ್ರಾಂ ತೂಗಬೇಕು. ಡಿಪೋದವರು ಚಲನ್‌ನಲ್ಲಿ ಬರೆದ ಅಂಕಿಗೂ ಇಲ್ಲಿ ಬಂದದ್ದಕ್ಕೂ ಹೊಂದಬೇಕು. ಹೊಂದದಿದ್ದರೆ ದಾರಿಯಲ್ಲಿ ಏನೋ ಆಗಿದೆ ಅಂತ. ಆದರೆ ಡೆನ್ಸಿಟಿ ಸರಿ ಇದ್ದ ಮಾತ್ರಕ್ಕೆ ಆಕ್ಟೇನ್ ಸರಿ ಇದೆ ಅಂತಲ್ಲ. ಅದಕ್ಕೆ ಲ್ಯಾಬೇ ಬೇಕು.

ಆಮೇಲೆ ನೆಲದಡಿ ಟ್ಯಾಂಕಿಗೆ ಡಿಪ್ ಕಡ್ಡಿ ಇಳಿಸುತ್ತಾರೆ. ಅದರ ತುದಿಗೆ ಒಂದು ಪೇಸ್ಟ್ ಸವರಿರುತ್ತಾರೆ, ನೀರು ತಗುಲಿದಷ್ಟು ಭಾಗದ ಬಣ್ಣ ಬದಲಾಗುತ್ತದೆ. ಎಥನಾಲ್ ಇರುವ ಪೆಟ್ರೋಲಿಗೆ ಬೇರೆಯೇ ಪೇಸ್ಟ್ ಬೇಕು. ಹಳೆಯ ಪೇಸ್ಟಿನಲ್ಲಿ ನೀರು ಇದ್ದರೂ ಕಾಣದೇ ಹೋಗಬಹುದು.

ನೀರಿನ ಬಗ್ಗೆ ಯಾಕೆ ಇಷ್ಟು ತಲೆಬಿಸಿ ಅಂದರೆ, ಬರೀ ಪೆಟ್ರೋಲಾದರೆ ನೀರು ತಳದಲ್ಲಿ ಕೂತಿರುತ್ತದೆ. ಪಂಪಿನ ಬಾಯಿ ತಳದಿಂದ ಸ್ವಲ್ಪ ಮೇಲೆ ಇರುವುದರಿಂದ ಗಾಡಿಗೆ ಬರುವುದಿಲ್ಲ. ಎಥನಾಲ್ ಇದ್ದಾಗ ಕಥೆ ಬೇರೆ. ಇ10 ಪೆಟ್ರೋಲ್ ಸುಮಾರು ಶೇಕಡ ಅರ್ಧದಷ್ಟು ನೀರನ್ನು, ಅಂದರೆ 200 ಲೀಟರಿಗೆ ಒಂದು ಲೀಟರನ್ನು, ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ತಳದ ಪದರ ಏರಿ ಪಂಪಿಗೆ ಸಿಗಬಹುದು, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನೂ ಇಳಿದಿರುತ್ತದೆ. ಬಂಕಿನವರು ನೀರು ಸುರಿಯಬೇಕಾಗಿಯೇ ಇಲ್ಲ. ಜೋರು ಮಳೆಯಲ್ಲಿ ಸಡಿಲ ಮುಚ್ಚಳದಿಂದ ಸೋರಿದರೂ ಸಾಕು.

ಇನ್ನು ಅತಿ ಸಾಮಾನ್ಯ ಅವಘಡ ಅಂದರೆ ಡೀಸೆಲನ್ನು ಪೆಟ್ರೋಲ್ ಟ್ಯಾಂಕಿಗೆ, ಪೆಟ್ರೋಲನ್ನು ಡೀಸೆಲ್ ಟ್ಯಾಂಕಿಗೆ ಇಳಿಸಿಬಿಡುವುದು. ಲಾರಿಯಲ್ಲಿ ಖಾನೆಗಳು ಬೇರೆ ಬೇರೆ ಇರುತ್ತವೆ, ಕೈ ತಪ್ಪಲು ಒಂದು ಕ್ಷಣ ಸಾಕು. ಅದಕ್ಕೇ ನೆಲದ ಮೇಲಿನ ಮುಚ್ಚಳಗಳಿಗೆ ಗ್ರೇಡಿಗೊಂದು ಬಣ್ಣ ಬಳಿದಿರುತ್ತಾರೆ.

ಹಂತ 8: ನೀವು ಮಾಡಬಹುದಾದ ಪರೀಕ್ಷೆ

ಓಡಾಟ ಜಾಸ್ತಿ ಇರುವ ಬಂಕ್ ಆರಿಸಿ. ದಿನಾ ಖಾಲಿಯಾಗಿ ದಿನಾ ತುಂಬುವ ಟ್ಯಾಂಕಿನಲ್ಲಿ ಪೆಟ್ರೋಲ್ ಹಳಸುವುದಿಲ್ಲ. ಪ್ರೀಮಿಯಂ ಹಾಕಿಸುವವರಿಗೆ ಇದು ಇನ್ನೂ ಮುಖ್ಯ. ಯಾರೂ ಪ್ರೀಮಿಯಂ ಕೇಳದ ಬಂಕಿನಲ್ಲಿ ಅದು ವಾರಗಟ್ಟಲೆ ಕೂತಿರುತ್ತದೆ.

ಕಲಬೆರಕೆಯ ಅನುಮಾನ ಬಂದರೆ ಫಿಲ್ಟರ್ ಪೇಪರ್ ತೆಗೆಯಿರಿ. ನಾಜಲ್ ಬಾಯನ್ನು ಒರೆಸಿ, ಕಾಗದದ ಮೇಲೆ ಒಂದು ಹನಿ ಬೀಳಿಸಿ. ಒಳ್ಳೆಯ ಪೆಟ್ರೋಲ್ ಕೆಲವೇ ನಿಮಿಷದಲ್ಲಿ ಆರಿಹೋಗುತ್ತದೆ, ಕಲೆ ಉಳಿಯುವುದಿಲ್ಲ. ಸೀಮೆಎಣ್ಣೆಯೋ ಡೀಸೆಲ್ಲೋ ಬೆರೆತಿದ್ದರೆ ಜಿಡ್ಡಿನ ಕಲೆ ನಿಲ್ಲುತ್ತದೆ. ಬಣ್ಣ ಸೇರಿಸಿದ ಪೆಟ್ರೋಲಾದರೆ ತೆಳುವಾದ ಬಣ್ಣ ಉಳಿಯಬಹುದು, ಅದಕ್ಕೆ ಗಾಬರಿ ಬೇಡ. ಜಿಡ್ಡು ಇದೆಯಾ ನೋಡಿ.

ಅಳತೆಯ ಅನುಮಾನವಾದರೆ ಮೊದಲು ಮೀಟರ್ ಸೊನ್ನೆಯಿಂದ ಶುರುವಾಯಿತಾ ನೋಡಿ. ಆಮೇಲೆ ಮುದ್ರೆ ಇರುವ ಅಳತೆ ಪಾತ್ರೆಯಲ್ಲಿ ಹಾಕಿ ತೋರಿಸಿ ಅಂತ ಕೇಳಿ. ನಿಮ್ಮ ಗಾಡಿಯ ಟ್ಯಾಂಕನ್ನೇ ಅಳತೆಗೋಲು ಮಾಡಿಕೊಂಡು ಜಗಳಕ್ಕೆ ನಿಲ್ಲಬೇಡಿ. ಮ್ಯಾನುಯಲ್‌ನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಹಿಡಿಯುವ ಟ್ಯಾಂಕುಗಳಿವೆ.

ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಜಾಸ್ತಿ ಸಿಗುತ್ತದೆ ಅನ್ನುತ್ತಾರಲ್ಲ, ಅದಕ್ಕೆ ಬೆಳಗಿನ ನಿದ್ದೆ ಕೆಡಿಸಿಕೊಳ್ಳಬೇಡಿ. ಪೆಟ್ರೋಲ್ ಒಂದು ಡಿಗ್ರಿಗೆ ಹಿಗ್ಗುವುದು ಸುಮಾರು ಶೇಕಡ 0.1. ನೆಲದಡಿಯ ಟ್ಯಾಂಕಿನಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಉಷ್ಣತೆ ಹೆಚ್ಚೇನೂ ಬದಲಾಗುವುದಿಲ್ಲ.

ಕ್ಯಾನಿಗೆ ಹಾಕಿಸುವುದಾದರೆ ಅದಕ್ಕೆಂದೇ ಮಾಡಿದ ಕ್ಯಾನನ್ನು ನೆಲದ ಮೇಲೆ ಇಟ್ಟು ಹಾಕಿಸಿ. ಡಿಕ್ಕಿಯಲ್ಲಿ, ಸೀಟಿನ ಮೇಲೆ ಇಟ್ಟು ಹಾಕಿಸಬೇಡಿ, ಸ್ಥಿರ ವಿದ್ಯುತ್ತಿನ ಕಿಡಿಗೆ ಬೆಂಕಿ ಹತ್ತುತ್ತದೆ. ನೀರಿನ ಬಾಟಲಿಯಂತೂ ಬೇಡವೇ ಬೇಡ.

ಹಂತ 9: ಕೆಟ್ಟ ಪೆಟ್ರೋಲ್ ಬಿದ್ದೇಬಿಟ್ಟರೆ

ಹಾಕಿಸಿ ಹೊರಟ ಒಂದೆರಡು ಕಿಲೋಮೀಟರಿಗೇ ಗಾಡಿ ಮುಗ್ಗರಿಸಿ ಆಫ್ ಆಗುತ್ತಿದ್ದರೆ, ಮುಂಚೆ ಏನೂ ತೊಂದರೆ ಇರದಿದ್ದರೆ, ನೀರು ಬಂದಿರುವ ಸಾಧ್ಯತೆ ಜಾಸ್ತಿ. ಪಕ್ಕಕ್ಕೆ ನಿಲ್ಲಿಸಿ. ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಹೊಡೆದಷ್ಟೂ ನೀರು ಇಂಜೆಕ್ಟರ್‌ವರೆಗೆ ಹೋಗುತ್ತದೆ.

ತಪ್ಪು ಇಂಧನ ಬಿದ್ದಿದೆ ಅಂತ ಬಂಕಿನಲ್ಲೇ ಗೊತ್ತಾದರೆ ಕೀಲಿ ತಿರುಗಿಸಲೇಬೇಡಿ, ತಳ್ಳಿ ಪಕ್ಕಕ್ಕೆ ನಿಲ್ಲಿಸಿ. ಡೀಸೆಲ್ ನಾಜಲ್ ದಪ್ಪ, ಪೆಟ್ರೋಲ್ ಕಾರಿನ ಬಾಯಿಗೆ ಸಾಮಾನ್ಯವಾಗಿ ಹಿಡಿಯುವುದಿಲ್ಲ. ಪೆಟ್ರೋಲ್ ನಾಜಲ್ ಮಾತ್ರ ಡೀಸೆಲ್ ಗಾಡಿಗೆ ಸಲೀಸಾಗಿ ಇಳಿಯುತ್ತದೆ, ಹಾನಿಯೂ ಅಲ್ಲೇ ಜಾಸ್ತಿ. ಡೀಸೆಲ್ಲಿನ ಜಿಡ್ಡಿನಿಂದಲೇ ಆ ಗಾಡಿಯ ಇಂಧನ ಪಂಪಿಗೆ ಲೂಬ್ರಿಕೇಶನ್ ಸಿಗುವುದು, ಪೆಟ್ರೋಲ್ ಅದನ್ನು ತೊಳೆದುಬಿಡುತ್ತದೆ.

ಮೆಕ್ಯಾನಿಕ್ ಟ್ಯಾಂಕ್ ಖಾಲಿ ಮಾಡುವಾಗ ಜೊತೆಗಿರಿ. ಇಳಿಸಿದ್ದರಲ್ಲಿ ಒಂದು ಲೀಟರನ್ನು ಪೆಟ್ರೋಲಿಗೆ ಒಗ್ಗುವ ಸ್ವಚ್ಛವಾದ ಡಬ್ಬಿಗೆ ತುಂಬಿಸಿ, ಮುಚ್ಚಳ ಬಿಗಿ ಮಾಡಿ, ತಾರೀಖು, ಹೊತ್ತು, ಗಾಡಿ ನಂಬರ್ ಬರೆದು ಅಂಟಿಸಿ. ಫೋಟೊ ತೆಗೆಯಿರಿ. ಬಿಲ್‌ನಲ್ಲಿ ಪಂಪಿನ ನಂಬರ್ ಇರುತ್ತದೆ, ಅದು ಬಹಳ ಮುಖ್ಯ. ಆಮೇಲೆ ಬಂಕಿಗೆ ಹೋಗಿ ಕೂಗಾಡುವ ಬದಲು ಬರೆದುಕೊಡಿ. ಆ ದಿನದ ಡಿಪ್ ಪುಸ್ತಕ ತೋರಿಸಲು ಕೇಳಿ, ಲೋಡಿನ ಸ್ಯಾಂಪಲ್ ತೆಗೆದಿಟ್ಟಿದ್ದರೆ ಅದನ್ನು ಕಾದಿರಿಸಲು ಹೇಳಿ. ಅದೇ ಹೊತ್ತಿನಲ್ಲಿ ಅದೇ ಪಂಪಿನಲ್ಲಿ ಹಾಕಿಸಿದ ಇನ್ನೊಬ್ಬರಿಗೂ ಹೀಗೇ ಆಗಿದ್ದರೆ ಅವರ ಬಿಲ್ಲನ್ನೂ ಸೇರಿಸಿ. ಬಂಕಿನವರು ಜಾರಿಕೊಂಡರೆ ಅದೇ ಪತ್ರದ ಪ್ರತಿಯನ್ನು ಕಂಪನಿಗೂ ಅಳತೆ–ತೂಕದ ಇಲಾಖೆಗೂ ಕಳಿಸಿ. ಲ್ಯಾಬ್ ವರದಿ ಬರುವವರೆಗೆ ಬಿಚ್ಚಿದ ಫಿಲ್ಟರನ್ನು ಎಸೆಯಲು ಮೆಕ್ಯಾನಿಕ್‌ಗೆ ಬಿಡಬೇಡಿ.